ಮೆತ್ತಗಾದ ಮಿಡಿ: ಒಂದು ಉಪ್ಪಿನಕಾಯಿ ಸಂಘ ದೂರನ್ನು ಕೇಳಿಸಿಕೊಂಡ ಬಗೆ

ಶಿರಸಿ ತಾಲೂಕಿನ ಒಂದು ಮಹಿಳಾ ಸ್ವಸಹಾಯ ಸಂಘದಲ್ಲಿ ನಡೆದ ಪ್ರಕರಣ ಇದು. ಸಂಘದ ಹೆಸರನ್ನಾಗಲಿ ಊರನ್ನಾಗಲಿ ಇಲ್ಲಿ ಕೊಟ್ಟಿಲ್ಲ. ಕೆಲವರ ನೆಂಟಸ್ತಿಕೆ, ವಯಸ್ಸು, ಅಂಗಡಿ ಇರುವ ಜಾಗ ಇವನ್ನು ಗುರುತು ಸಿಗದಷ್ಟು ಬದಲಿಸಿದ್ದೇನೆ. ಯಾರು ಯಾವ ಹೊತ್ತಿನಲ್ಲಿ ಏನು ನಿರ್ಧರಿಸಿದರು ಎಂಬುದನ್ನು ಮಾತ್ರ ಇದ್ದ ಹಾಗೆ ಉಳಿಸಿದ್ದೇನೆ. ತರಬೇತಿ ಮತ್ತು ಲೆಕ್ಕಪತ್ರದ ಕೆಲಸಕ್ಕೆಂದು ಹೋಗಿಬರುತ್ತಿದ್ದ ನನಗೆ ಅವರ ಸಭೆಗಳಲ್ಲಿ ಕುಳಿತುಕೊಳ್ಳುವ ಸಲಿಗೆ ಇತ್ತು. ಬರೆಯಲು ಎಲ್ಲರ ಒಪ್ಪಿಗೆ ಇದೆ, ಸಂಘದಿಂದ ದೂರವಾದವರದ್ದೂ ಸೇರಿ.

ಹಿನ್ನೆಲೆ

ಹನ್ನೊಂದು ಹೆಂಗಸರ ಸಂಘ. ಆಲೆಮನೆಯ ಕಾಲದಲ್ಲಿ ತೊಡದೇವು ಎಂಬ ಕಬ್ಬಿನಹಾಲಿನ ತೆಳು ಸಿಹಿ, ಹಲಸು ಬಲಿತಾಗ ಹಪ್ಪಳ. ಆದರೆ ಸಂಘಕ್ಕೆ ಹೆಸರನ್ನೂ ದುಡ್ಡನ್ನೂ ತಂದುಕೊಟ್ಟದ್ದು ಅಪ್ಪೆಮಿಡಿಯ ಉಪ್ಪಿನಕಾಯಿ.

ಘಟ್ಟದ ಕೆಳಗೂ ಮೇಲೂ ಇರುವವರಿಗೆ ಅಪ್ಪೆಮಿಡಿಯನ್ನು ಪರಿಚಯಿಸಬೇಕಿಲ್ಲ. ದೂರದವರಿಗಾಗಿ ನಾಲ್ಕು ಮಾತು, ಏಕೆಂದರೆ ಮುಂದಿನ ಜಗಳವೆಲ್ಲ ಇದರಲ್ಲಿಯೇ ಇದೆ. ಅಘನಾಶಿನಿ, ಬೇಡ್ತಿ, ಶರಾವತಿ ಕಣಿವೆಗಳ ಹೊಳೆ ಹಳ್ಳಗಳ ಅಂಚಿನಲ್ಲಿ ಬೆಳೆಯುವ ಕಾಡುಮಾವಿನ ಎಳೆಗಾಯಿ ಅದು. ಮರದಿಂದ ಮರಕ್ಕೆ ಪರಿಮಳ ಬೇರೆ. ಫೆಬ್ರುವರಿಯಿಂದ ಏಪ್ರಿಲ್ ಒಳಗೆ, ಗೊರಟು ಗಟ್ಟಿಯಾಗುವ ಮೊದಲೇ ಕೊಯ್ಯಬೇಕು. ಮರ ಹತ್ತಿ ಕೊಯ್ದು ಚೀಲದಲ್ಲಿ ತುಂಬಿ ಹಗ್ಗಕಟ್ಟಿ ಇಳಿಸಬೇಕು; ಟೊಂಗೆ ಬಡಿದು ನೆಲಕ್ಕೆ ಕೆಡವಿದರೆ ಪೆಟ್ಟು ಬೀಳುತ್ತದೆ. ಚೂರು ತೊಟ್ಟು ಅಂಟಿಕೊಂಡಿರಬೇಕು. ತೊಟ್ಟು ಕಳಚಿದರೆ ಸೊನೆ ಸೋರಿ, ಆ ಬಾಯಿಯಿಂದಲೇ ಕೊಳೆ ಒಳಗೆ ಹೋಗುತ್ತದೆ. ಕೊಯ್ದ ಮಿಡಿಯನ್ನು ಬೇಗ ತೊಳೆದು ಆರಿಸಿ ಹರಳುಪ್ಪಿನಲ್ಲಿ ಹಾಕಬೇಕು. ಉಪ್ಪು ಮಿಡಿಯ ನೀರನ್ನು ಹೊರಗೆಳೆದು ಅದನ್ನು ಚಿರುಟಿಸುತ್ತದೆ, ಕೊಳೆಸುವ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ. ಉಪ್ಪು ಸಾಲದೆ ಹೋದರೆ ಆ ಜೀವಿಗಳು ಬಿಡುವ ಕಿಣ್ವಗಳು ಕಾಯಿಯ ಗಟ್ಟಿತನಕ್ಕೆ ಕಾರಣವಾದ ಪೆಕ್ಟಿನ್ ಅನ್ನು ಕರಗಿಸುತ್ತವೆ, ಮಿಡಿ ಮೆತ್ತಗಾಗುತ್ತದೆ. ಸರಿಯಾಗಿ ಬಿದ್ದ ಮಿಡಿ ವರ್ಷಗಳು ಕಳೆದರೂ ಕಡಿದರೆ ಕಟ್ಟೆನ್ನುತ್ತದೆ.

ಸಂಘದ ಉಪ್ಪಿನಕಾಯಿಯ ಕೈ ಎಂದರೆ ಅರುವತ್ತು ದಾಟಿದ ಒಬ್ಬ ಹಿರಿಯರದ್ದು. ಎಲ್ಲರೂ ಅವರನ್ನು ದೊಡ್ಡಮ್ಮ ಎನ್ನುತ್ತಾರೆ. ಉಪ್ಪು ಅಳೆಯುವುದು, ಸಾಸಿವೆ ಬೀಸುವ ಹದ ನೋಡುವುದು, ಉಪ್ಪುನೀರು ಕುದಿಸಿ ಆರಿಸಿ ಕಲೆಸುವುದು ಇವನ್ನು ಬೇರೆಯವರಿಗೆ ಬಿಟ್ಟವರಲ್ಲ. ಬಿಡಬೇಕೆಂದು ಕೇಳಿದವರೂ ಇರಲಿಲ್ಲ. ಸಂಘದ ಕಾರ್ಯದರ್ಶಿ ಮೂವತ್ತೈದರ ಆಸುಪಾಸಿನವರು, ಬಿ.ಕಾಂ. ಓದಿ ಈ ಊರಿಗೆ ಸೊಸೆಯಾಗಿ ಬಂದವರು. ಕಾರ್ಯದರ್ಶಿಯ ಗಂಡನಿಗೆ ದೊಡ್ಡಮ್ಮ ಸಂಬಂಧದಲ್ಲಿಯೂ ದೊಡ್ಡಮ್ಮನೇ. ಕಾರ್ಯದರ್ಶಿ ಕರೆಯುವುದು ಅತ್ತೆ ಎಂದು. ಬೇರೆ ಊರಿನ ಕಚೇರಿಗಳಲ್ಲಿ ಮೇಲಧಿಕಾರಿ, ಕೈಕೆಳಗಿನವರು ಎಂದು ಬರೆದಿಡುವ ಸಂಬಂಧಗಳು ಇಲ್ಲಿ ಮದುವೆ ಮುಂಜಿಗಳಲ್ಲಿ ಹೆಣೆದುಕೊಂಡಿರುತ್ತವೆ. ಸಭೆಯಲ್ಲಿ ಆಡಿದ ಮಾತು ಸಂಜೆ ಅಡುಗೆಮನೆಗೂ ಬರುತ್ತದೆ.

ಮೂರನೆಯವರು ಹುಬ್ಬಳ್ಳಿ ಕಡೆಯ ಒಬ್ಬ ಅಂಗಡಿಯವರು. ಮೂಲ ನಮ್ಮ ಕಡೆಯವರೇ. ಸಂಘದ ಉಪ್ಪಿನಕಾಯಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅವರಲ್ಲಿಯೇ ಮಾರಾಟವಾಗುತ್ತಿತ್ತು.

ದೂರು ಬಂದದ್ದು

ಮಳೆಗಾಲ ಮುಗಿಯುವ ಹೊತ್ತಿಗೆ ಅಂಗಡಿಯವರು ಒಂದಷ್ಟು ಬಾಟಲಿಗಳನ್ನು ಬಸ್ಸಿಗೆ ಹಾಕಿ ಹಿಂದಕ್ಕೆ ಕಳಿಸಿದರು. ಜೊತೆಗೆ ಕಾರ್ಯದರ್ಶಿಯ ಮೊಬೈಲಿಗೆ ಒಂದು ಧ್ವನಿ ಸಂದೇಶ. ಅದರ ಸಾರ ಹೀಗಿತ್ತು: “ಮಿಡಿ ಮೆತ್ತಗಾಗಿದೆ. ಗಿರಾಕಿಗಳು ಬಾಟಲಿ ತಂದು ನನ್ನ ಮೇಜಿನ ಮೇಲೆ ಇಡುತ್ತಿದ್ದಾರೆ. ಉಪ್ಪು ಕಡಿಮೆ ಹಾಕಿದ್ದೀರಿ, ಉಳಿತಾಯ ಮಾಡಲು ಹೋಗಿದ್ದೀರಿ ಎಂದು ಕಾಣುತ್ತದೆ. ಹೆಸರು ಬಂದ ಮೇಲೆ ಶ್ರದ್ಧೆ ಹೋಗುವುದು ಎಲ್ಲ ಕಡೆಯೂ ಇರುವುದೇ. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.”

ಕಾರ್ಯದರ್ಶಿ ಆ ಸಂದೇಶವನ್ನು ವಾರದ ಸಭೆಯಲ್ಲಿ ಎಲ್ಲರೆದುರು ಹಾಕಿ ಕೇಳಿಸಿದರು. ಅದಕ್ಕೆ ಅವರಲ್ಲಿ ಕಾರಣ ಇತ್ತು. ತಾನು ಬಾಯಿಮಾತಿನಲ್ಲಿ ಹೇಳಿದರೆ, ಸೇರಿಸಿ ಹೇಳಿದಳು ಎನ್ನುತ್ತಾರೆ. ಬಿಟ್ಟು ಹೇಳಿದರೆ ಮುಂದೆ ತನ್ನ ತಲೆಗೇ ಬರುತ್ತದೆ. ಲೆಕ್ಕ ಬರೆಯುವವರ ಯೋಚನೆ ಅದು, ತಪ್ಪೆನ್ನಲಾರೆ. ಆದರೆ ಅದರ ಫಲವಾಗಿ ಶ್ರದ್ಧೆ ಇಲ್ಲ ಎಂಬ ಮಾತನ್ನು ದೊಡ್ಡಮ್ಮ ಮೊದಲ ಬಾರಿಗೆ ಕೇಳಿದ್ದು ಹತ್ತು ಜನರ ನಡುವೆ ಕುಳಿತು.

ಉತ್ತರಗಳು ಒಂದರ ಹಿಂದೊಂದು ಬಂದವು. ಹುಬ್ಬಳ್ಳಿಯ ಬಿಸಿಲಿಗೆ ಬಾಟಲಿಗಳನ್ನು ಅಂಗಡಿಯ ಮುಂದೆಯೇ ಜೋಡಿಸಿರುತ್ತಾರೆ, ನಾನೇ ಕಣ್ಣಾರೆ ನೋಡಿದ್ದೇನೆ. ಗಿರಾಕಿಗಳು ಒದ್ದೆ ಚಮಚ ಹಾಕಿದರೆ ನಾವೇನು ಮಾಡುವುದು? ಹಿಂದಿನ ಬಾಕಿ ಕೊಡಲಾಗದೆ ನೆಪ ಹುಡುಕುತ್ತಿದ್ದಾರೆ. ಉಪ್ಪು ಹೆಚ್ಚು ಎಂದು ಹೋದ ವರ್ಷ ಗೊಣಗಿದ್ದು ಅವರೇ ಅಲ್ಲವೇ? ದೊಡ್ಡಮ್ಮ ಮಾತ್ರ ಒಂದೇ ಮಾತು ಹೇಳಿದರು: “ನನ್ನ ಅತ್ತೆಯ ಕಾಲದಿಂದ ಇದೇ ಸಿದ್ದೆಯಲ್ಲಿ ಅಳೆದು ಹಾಕುತ್ತಿದ್ದೇನೆ. ಉಪ್ಪು ಉಳಿಸಿ ಮನೆ ಕಟ್ಟಬೇಕಾದ ಗತಿ ನಮಗೆ ಬಂದಿಲ್ಲ.” ಸಿದ್ದೆ ಎಂದರೆ ತುಂಬಿಸಿ ಅಳೆಯುವ ಪಾತ್ರೆ.

ಇಲ್ಲಿ ಗಮನಿಸಬೇಕಾದದ್ದು, ಈ ಉತ್ತರಗಳಲ್ಲಿ ಶುದ್ಧ ಸುಳ್ಳು ಯಾವುದೂ ಇರಲಿಲ್ಲ. ಬಾಟಲಿ ಬಿಸಿಲಿಗೆ ಇಟ್ಟದ್ದು ನಿಜ, ಬಾಕಿ ತಡವಾಗುತ್ತಿದ್ದುದೂ ನಿಜ. ಸುಳ್ಳು ಸಮರ್ಥನೆಯಾಗಿದ್ದರೆ ಅದು ಸಭೆಯಲ್ಲಿಯೇ ಕುಸಿದುಬೀಳುತ್ತಿತ್ತು. ಅರ್ಧ ನಿಜವಾದ ಸಮರ್ಥನೆಗೆ ಕಾಲು ಗಟ್ಟಿ. ಮೇಲಾಗಿ ನಮ್ಮ ಜಿಲ್ಲೆಯವರು ಮಳೆಗಾಲದ ರಾತ್ರಿಗಳಲ್ಲಿ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕುಳಿತು ಮಾತಿನಲ್ಲಿಯೇ ನಡೆಸುವ ಯಕ್ಷಗಾನ, ಕೇಳಿ ಬೆಳೆದವರು. ಎದುರಿನ ಅರ್ಥಧಾರಿ ಎಸೆದ ಮಾತಿಗೆ ಮಾತು ಕೊಡದೆ ಬಿಟ್ಟರೆ ಅದು ಸೋಲು. ಕೊಟ್ಟ ಉತ್ತರ ಚುರುಕಾಗಿದ್ದರೆ ಸಭೆ ತಲೆದೂಗುತ್ತದೆ. ಅಂದು ಸಂಘದ ಸಭೆಯೂ ತಲೆದೂಗಿತು. ಹಿಂದಕ್ಕೆ ಬಂದ ಬಾಟಲಿಗಳ ಪೆಟ್ಟಿಗೆಯನ್ನು ಯಾರೂ ಬಿಚ್ಚಲಿಲ್ಲ.

ಸಂದೇಶವನ್ನು ನಾನು ಆಮೇಲೆ ಮತ್ತೊಮ್ಮೆ ಕೇಳಿದೆ. ಅದರಲ್ಲಿ ಮೂರು ಬಗೆಯ ಮಾತುಗಳು ಕಲೆಸಿಕೊಂಡಿದ್ದವು. ಮಿಡಿ ಮೆತ್ತಗಾಗಿದೆ ಎಂಬುದು ಕಂಡದ್ದು. ಉಪ್ಪು ಕಡಿಮೆ ಎಂಬುದು ಊಹಿಸಿದ್ದು. ಉಳಿತಾಯ ಮಾಡಿದ್ದೀರಿ, ಶ್ರದ್ಧೆ ಇಲ್ಲ ಎಂಬುದು ಜನರ ಮೇಲೆ ಹೊರಿಸಿದ್ದು. ಸಭೆ ಉತ್ತರಿಸಿದ್ದೆಲ್ಲ ಮೂರನೆಯದಕ್ಕೆ. ಮೊದಲನೆಯದು, ಅಂದರೆ ಮಿಡಿ ಮೆತ್ತಗಾಗಿದೆಯೇ ಇಲ್ಲವೇ ಎಂಬುದು, ಚರ್ಚೆಗೇ ಬರಲಿಲ್ಲ. ಇದು ಹಳ್ಳಿಯ ಹೆಂಗಸರಿಗೆ ಮಾತ್ರ ಸಂಬಂಧಿಸಿದ ದೌರ್ಬಲ್ಯವಲ್ಲ. 1996ರಲ್ಲಿ ಅವ್ರಹಾಂ ಕ್ಲೂಗರ್ ಮತ್ತು ಏಂಜೆಲೊ ಡೆನಿಸಿ ಎಂಬ ಸಂಶೋಧಕರು ಅದುವರೆಗಿನ ನೂರಾರು ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮಾಡಿದ ಕೆಲಸದ ಬಗ್ಗೆ ಅಭಿಪ್ರಾಯ ಹೇಳುವುದರಿಂದ ಸರಾಸರಿಯಲ್ಲಿ ಕೆಲಸ ಸುಧಾರಿಸುತ್ತದೆ ಎಂದು ಕಂಡಿತು. ಜೊತೆಗೆ, ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಸಂದರ್ಭಗಳಲ್ಲಿ ಕೆಲಸ ಇನ್ನೂ ಕೆಟ್ಟಿತು ಎಂದೂ ಕಂಡಿತು. ಅವರು ಕೊಟ್ಟ ವಿವರಣೆ ಇದು: ಗಮನ ಕೆಲಸದಿಂದ ಸರಿದು ‘ನಾನು ಎಂಥವನು’ ಎಂಬ ಕಡೆಗೆ ಹೋದಷ್ಟೂ ಅಭಿಪ್ರಾಯದ ಪ್ರಯೋಜನ ಕುಗ್ಗುತ್ತದೆ. ಉಪ್ಪಿನಕಾಯಿಯ ಸಭೆಯಲ್ಲಿ ಗಮನ ಸರಿಯಲು ಒಂದು ನಿಮಿಷವೂ ಬೇಕಾಗಲಿಲ್ಲ.

ಕೈಗೂಡದ ಎರಡು ಪ್ರಯತ್ನ

ಕಾರ್ಯದರ್ಶಿ ಮೊದಲು ಮಾಡಿದ್ದು ಯಾವುದೋ ತರಬೇತಿಯಲ್ಲಿ ಕಲಿತದ್ದನ್ನು: ಮೊದಲು ಹೊಗಳಿಕೆ, ನಡುವೆ ತಪ್ಪು, ಕೊನೆಯಲ್ಲಿ ಮತ್ತೆ ಹೊಗಳಿಕೆ. ಒಂದು ಸಂಜೆ ದೊಡ್ಡಮ್ಮನ ಮನೆಗೆ ಹೋಗಿ, “ಅತ್ತೆ, ನಿಮ್ಮ ಕೈಯ ರುಚಿ ಇಡೀ ಸೀಮೆಯಲ್ಲಿ ಯಾರಿಗೂ ಇಲ್ಲ” ಎಂದು ಶುರುಮಾಡಿದರು. ದೊಡ್ಡಮ್ಮ ಅಡಿಕೆ ಸುಲಿಯುತ್ತಿದ್ದವರು ತಲೆ ಎತ್ತದೆ, “ಹೊಗಳುವುದಾದರೆ ಹೊಗಳು, ಬಯ್ಯುವುದಾದರೆ ಬಯ್ಯಿ. ಎರಡನ್ನೂ ಒಟ್ಟಿಗೆ ಬಡಿಸಬೇಡ” ಎಂದರು. ಮಾತು ಅಲ್ಲಿಗೇ ನಿಂತಿತು. ಈ ಪದ್ಧತಿಯ ಬಗ್ಗೆ ನನಗೆ ಮೊದಲಿನಿಂದಲೂ ಗುಮಾನಿ ಇತ್ತು. ಹೊಗಳಿಕೆ ಕೇಳಿದ ಕೂಡಲೇ ಮುಂದೆ ಏನೋ ಬರುತ್ತದೆ ಎಂದು ಜನ ಮೈ ಬಿಗಿ ಮಾಡಿಕೊಳ್ಳುತ್ತಾರೆ. ಮುಂದೆ ನಿಜವಾಗಿ ಹೊಗಳಿದರೂ ನಂಬುವುದಿಲ್ಲ.

ಎರಡನೆಯದು ಚೀಟಿ. ಹೆಸರು ಬರೆಯದೆ ಅನಿಸಿದ್ದನ್ನು ಬರೆದು ಡಬ್ಬಿಗೆ ಹಾಕಿ ಎಂದರು. ಹನ್ನೊಂದು ಜನರ ಸಂಘದಲ್ಲಿ ಅಕ್ಷರ ನೋಡಿದರೆ ಯಾರದೆಂದು ಗೊತ್ತಾಗುತ್ತದೆ. ಮೂರು ಚೀಟಿ ಓದುವುದರೊಳಗೆ ಇಬ್ಬರ ನಡುವೆ ಮಾತು ನಿಂತಿತು.

ಭರಣಿಗಳಿಗೆ ನಂಬರು

ದಾರಿ ತೋರಿಸಿದವರು ಸಾಮಾನ್ಯವಾಗಿ ಸಭೆಯಲ್ಲಿ ಬಾಯಿ ಬಿಡದ ಒಬ್ಬ ಸದಸ್ಯೆ. ಅವರು ಗಂಡನ ಜೊತೆ ಶಿರಸಿಯ ಅಡಿಕೆ ವ್ಯಾಪಾರಕ್ಕೆ ಹೋಗಿಬರುವವರು. ಅಲ್ಲಿ ಅಡಿಕೆಯ ಬಗೆಗಳನ್ನು ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಎಂದು ಬೇರೆ ಬೇರೆ ಸುರಿದಿಟ್ಟಿರುತ್ತಾರೆ. ಖರೀದಿಗೆ ಬಂದವರು ಒಂದು ಹಿಡಿ ಎತ್ತಿ, ಒಡೆದು, ಮೂಸಿ, ದರ ಬರೆಯುತ್ತಾರೆ. “ಅವರು ರಾಶಿ ನೋಡುತ್ತಾರೆ, ರಾಶಿಯ ಯಜಮಾನನ ಮುಖ ನೋಡುವುದಿಲ್ಲ. ನಾವೂ ಭರಣಿ ನೋಡೋಣ” ಎಂದರು ಆಕೆ.

ಅದಕ್ಕೆ ಕಾರ್ಯದರ್ಶಿ ಒಂದು ನಿಯಮ ಸೇರಿಸಿದರು, ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ಅತಿ ಮುಖ್ಯ ನಿರ್ಧಾರ ಅದು. ಹಿಂದಕ್ಕೆ ಬಂದ ಬಾಟಲಿ, ಸಂಘದ ಕೋಣೆಯಲ್ಲಿ ಉಳಿದಿದ್ದ ಆ ವರ್ಷದ ಬೇರೆ ಭರಣಿಗಳು, ಹಿಂದಿನ ವರ್ಷದ ಒಂದು, ಎಲ್ಲದರಿಂದ ನಾಲ್ಕು ನಾಲ್ಕು ಮಿಡಿ ತೆಗೆದು ತಟ್ಟೆಗಳಲ್ಲಿ ಇಟ್ಟು ನಂಬರು ಹಾಕಿದರು. ಯಾವ ನಂಬರು ಯಾವ ಭರಣಿ ಎಂದು ತಿಳಿದಿದ್ದು ಅವರೊಬ್ಬರಿಗೇ. ಸುತ್ತು ಮುಗಿಯುವ ತನಕ ಕೈಗೆ, ಮೂಗಿಗೆ, ನಾಲಿಗೆಗೆ ಸಿಕ್ಕಿದ್ದನ್ನು ಮಾತ್ರ ಹೇಳಬೇಕು. ಏಕೆ ಹೀಗಾಯಿತು ಎಂದು ಯಾರೂ ಹೇಳುವಂತಿಲ್ಲ. ಹೇಳಿದ್ದನ್ನು ಅವರು ಹಲಗೆಯ ಮೇಲೆ ಬರೆಯುತ್ತಾ ಹೋದರು: ಗಟ್ಟಿ, ಸೊಪ್ಪೆ, ಹುಳಿ ಹೆಚ್ಚು, ಪರಿಮಳ ಇದೆ, ಒಳಗೆ ಕಪ್ಪು.

ಮೊದಲು ರುಚಿ ನೋಡಲು ದೊಡ್ಡಮ್ಮನನ್ನೇ ಕರೆದರು. ದೂರಿಗೆ ಗುರಿಯಾದವರು ಹೀಗೆ ಪರೀಕ್ಷೆ ಮಾಡುವವರ ಜಾಗಕ್ಕೆ ಬಂದರು. ಅವರು ಆ ಕೆಲಸವನ್ನು ಮಾಡಿದ ರೀತಿ ನೋಡಬೇಕಿತ್ತು. ಮಿಡಿಯನ್ನು ತಿರುಗಿಸಿ ತೊಟ್ಟಿನ ಜಾಗ ನೋಡಿದರು, ಬೆರಳಲ್ಲಿ ಒತ್ತಿದರು, ಕಡಿದರು, ಕಡಿದದ್ದನ್ನು ಬೆಳಕಿಗೆ ಹಿಡಿದರು. ನಾಲ್ಕನೆಯ ನಂಬರಿಗೆ ಬಂದಾಗ, “ಇದು ಮೆತ್ತಗಿದೆ. ಇದನ್ನು ನಾನಾದರೆ ಮಾರುತ್ತಿರಲಿಲ್ಲ” ಎಂದರು. ಹಿಂದಕ್ಕೆ ಬಂದ ಬಾಟಲಿ ಅದೇ.

ನಂಬರು ಬಿಚ್ಚಿದಾಗ ಅವರ ಮುಖ ಕೆಂಪಾಯಿತು, ಆದರೆ ಆಡಿದ ಮಾತು ಹಲಗೆಯ ಮೇಲಿತ್ತು. ಅಂಗಡಿಯವರ ದೂರಿನ ಮೊದಲ ಪಾಲು ನಿಜ ಎಂದು ಸಂಘದೊಳಗೆ ಹೇಳಿದ ಮೊದಲ ವ್ಯಕ್ತಿ ದೊಡ್ಡಮ್ಮನೇ ಆದರು.

ಪೆಟ್ಟು ಬೇರೆಯವರಿಗೆ

ಇಲ್ಲಿಗೆ ನಿಲ್ಲಿಸಿದ್ದರೆ ಇದನ್ನು ಯಶಸ್ಸಿನ ಕಥೆ ಎಂದು ತರಬೇತಿಗಳಲ್ಲಿ ಹೇಳಿಕೊಂಡು ತಿರುಗಬಹುದಿತ್ತು. ಸುತ್ತು ಮುಗಿದು ಕಾರಣದ ಮಾತು ಬಂದ ಕೂಡಲೇ ದೊಡ್ಡಮ್ಮ ನಾಲ್ಕನೆಯ ತಟ್ಟೆಯ ಮಿಡಿ ಎತ್ತಿ ತೋರಿಸಿದರು. ತೊಟ್ಟಿಲ್ಲ. ಒಂದು ಮಗ್ಗುಲಲ್ಲಿ ಕಪ್ಪು. “ಇದು ಕೊಯ್ದ ಮಿಡಿಯಲ್ಲ, ಕೆಡವಿದ ಮಿಡಿ” ಎಂದರು.

ಆ ವರ್ಷ ಸದಸ್ಯರ ಮರಗಳಲ್ಲಿ ಫಸಲು ಕಡಿಮೆ ಇತ್ತು. ಕೊರತೆ ಬಿದ್ದ ಮಿಡಿಯನ್ನು ಹೊರಗಿನ ಮರಗಳಿಂದ ಕೊಯ್ಯಿಸಿ ತಂದುಕೊಟ್ಟದ್ದು ಒಬ್ಬ ಸದಸ್ಯೆಯ ಮನೆಯವರು. ಆಕೆ ಸಭೆಯಲ್ಲಿಯೇ ಕುಳಿತಿದ್ದರು. ಯಾರೂ ಅವರ ಹೆಸರು ಹೇಳಲಿಲ್ಲ. ಎಲ್ಲರೂ ಅವರ ಕಡೆ ನೋಡಿದರು. ಅವರು ಸ್ವಲ್ಪ ಹೊತ್ತು ಇದ್ದು, ದನ ಕಟ್ಟುವ ಹೊತ್ತಾಯಿತು ಎಂದು ಎದ್ದುಹೋದರು.

ಭರಣಿಗೆ ನಂಬರು ಹಾಕಿ ಹೆಸರು ಅಳಿಸಿದ ಏರ್ಪಾಡು ದೊಡ್ಡಮ್ಮನನ್ನು ಕಾಪಾಡಿತು, ಆಕೆಯನ್ನು ಕಾಪಾಡಲಿಲ್ಲ. ಮಿಡಿ ಎಲ್ಲಿಂದ ಬಂತು ಎಂಬುದಕ್ಕೆ ನಂಬರು ಇರಲಿಲ್ಲ, ಊರಿಗೇ ಗೊತ್ತಿದ್ದ ಸಂಗತಿ ಅದು. ಸಂಘದಲ್ಲಿ ತೂಕ ಇರುವವರ ಮೇಲಿಂದ ಎತ್ತಿದ ಆರೋಪ, ತೂಕ ಕಡಿಮೆ ಇರುವವರ ಮೇಲೆ ಹೋಗಿ ಕೂರುವುದನ್ನು ಬೇರೆ ಕಡೆಯೂ ನೋಡಿದ್ದೇನೆ. ಯಾರ ಮನಸ್ಸು ನೋಯಬಾರದು ಎಂದು ಸಿದ್ಧತೆ ಮಾಡುತ್ತೇವೋ ಅವರ ಪಕ್ಕದಲ್ಲಿ ಕುಳಿತವರನ್ನು ಮರೆತಿರುತ್ತೇವೆ.

ಸಿದ್ದೆ

ಇಷ್ಟಾದರೂ ಕಾರ್ಯದರ್ಶಿಗೆ ಸಮಾಧಾನ ಇರಲಿಲ್ಲ. ಅವರು ಪ್ರತಿ ಭರಣಿಗೂ ಹಾಕಿದ ದಿನ, ಮಿಡಿಯ ತೂಕ, ಮಿಡಿ ಬಂದ ಕಡೆ ಇವನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಅದೇ ಹೊರಗಿನ ಮಿಡಿ ಬಿದ್ದ ಇನ್ನೊಂದು ಭರಣಿ ಅಷ್ಟೇನೂ ಕೆಟ್ಟಿರಲಿಲ್ಲ. ವ್ಯತ್ಯಾಸ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಉಪ್ಪಿನ ಚೀಲ. ಆ ಭರಣಿಗೆ ಮೊದಲಿನಿಂದ ತರುತ್ತಿದ್ದ, ಗೋಕರ್ಣದ ಬಳಿಯ ಸಾಣಿಕಟ್ಟೆಯ ಸಣ್ಣ ಹರಳಿನ ಉಪ್ಪು ಬಿದ್ದಿತ್ತು. ನಡುವೆ ಅದು ಖಾಲಿಯಾಗಿ, ಪೇಟೆಯಿಂದ ದೊಡ್ಡ ಹರಳಿನ ಬೇರೆ ಉಪ್ಪು ತಂದಿದ್ದರು. ಸಿದ್ದೆ ಮಾತ್ರ ಅದೇ.

ಹರಳು ದೊಡ್ಡದಾದಷ್ಟೂ ನಡುವಿನ ಸಂದು ಹೆಚ್ಚು; ಅದೇ ಅಳತೆಯಲ್ಲಿ ತೂಕ ಕಡಿಮೆ. ಹತ್ತು ಕಿಲೋ ಮಿಡಿಗೆ ಎರಡೂವರೆ ಕಿಲೋ ಉಪ್ಪು ಬೀಳಬೇಕಾದ ಕಡೆ ಎರಡು ಕಿಲೋದಷ್ಟು ಬಿದ್ದಿತ್ತು. ಒಳ್ಳೆಯ ಮಿಡಿ ಅಷ್ಟನ್ನು ತಾಳಿಕೊಂಡಿತು. ಪೆಟ್ಟು ಬಿದ್ದ ಮಿಡಿಗೂ ಪೂರಾ ಉಪ್ಪು ಬಿದ್ದಲ್ಲಿ ಹೇಗೋ ನಡೆಯಿತು. ಎರಡು ಕೊರತೆಯೂ ಸೇರಿದ ಭರಣಿ ಮಾತ್ರ ಹುಬ್ಬಳ್ಳಿಯಿಂದ ವಾಪಸು ಬಂತು.

ಈಗ ಇದನ್ನು ದೊಡ್ಡಮ್ಮನಿಗೆ ಹೇಳಬೇಕು. ಸಭೆಯಲ್ಲಿ ಹೇಳಿದರೆ, ಎದ್ದುಹೋದ ಸದಸ್ಯೆಯ ಪಾಲಿಗೆ ನ್ಯಾಯ ಸಿಗುತ್ತದೆ, ಆದರೆ ದೊಡ್ಡಮ್ಮ ಸೌಟು ಕೆಳಗಿಡಬಹುದು. ಕಾರ್ಯದರ್ಶಿ ಮತ್ತೆ ಅವರ ಮನೆಗೇ ಹೋದರು, ಈ ಸಲ ಹೊಗಳಿಕೆ ಇಲ್ಲದೆ. ಆಡಿದ ಮಾತನ್ನು ಅವರೇ ನನಗೆ ಹೇಳಿದ್ದು: “ಅತ್ತೆ, ನಮ್ಮ ಸಿದ್ದೆಯಲ್ಲಿ ಹಳೆಯ ಉಪ್ಪು ಅಳೆದು ತೂಗಿದೆ, ಹೊಸದನ್ನೂ ತೂಗಿದೆ. ಹೊಸದು ಕಡಿಮೆ ಬಂತು. ನನ್ನ ತೂಕ ತಪ್ಪಿರಬಹುದು, ನೀವೊಮ್ಮೆ ತೂಗಿ ನೋಡಿ.” ತಕ್ಕಡಿಯನ್ನೂ ಎರಡು ಪೊಟ್ಟಣ ಉಪ್ಪನ್ನೂ ಅಲ್ಲಿಯೇ ಬಿಟ್ಟು ಬಂದರು. ಕೂತು ಉತ್ತರಕ್ಕಾಗಿ ಕಾಯಲಿಲ್ಲ.

ಹೀಗೆ ಎದ್ದು ಬಂದದ್ದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ. ಕಹಿ ಮಾತು ಹೇಳಿದವರು ಎದುರಿಗೇ ಕುಳಿತು ಮುಖ ನೋಡುತ್ತಿದ್ದರೆ, ಕೇಳಿದವರು ಆ ಕ್ಷಣಕ್ಕೆ ಏನಾದರೂ ಹೇಳಲೇಬೇಕಾಗುತ್ತದೆ. ಆ ಕ್ಷಣದಲ್ಲಿ ಬರುವುದು ಸಮರ್ಥನೆಯೇ. ಒಮ್ಮೆ ಆಡಿದ ಸಮರ್ಥನೆಯನ್ನು ಮತ್ತೆ ಹಿಂದಕ್ಕೆ ತೆಗೆದುಕೊಳ್ಳುವುದು ಇನ್ನೂ ಕಷ್ಟ.

ಮರುವಾರ ದೊಡ್ಡಮ್ಮ ತಕ್ಕಡಿ ಹಿಡಿದುಕೊಂಡೇ ಸಭೆಗೆ ಬಂದರು. ಎಲ್ಲರೆದುರು ತೂಗಿ ತೋರಿಸಿದರು. ಕೊನೆಗೆ, “ನನ್ನ ಕೈ ತಪ್ಪಿದ್ದಲ್ಲ, ಸಿದ್ದೆ ತಪ್ಪಿದ್ದು” ಎಂದರು. ಒಂದಿಬ್ಬರು ನಕ್ಕರು. ಕಾರ್ಯದರ್ಶಿ ನಗಲಿಲ್ಲ, ತಿದ್ದಲೂ ಹೋಗಲಿಲ್ಲ. “ಹೌದು ಅತ್ತೆ, ಇನ್ನು ಮುಂದೆ ತೂಗಿಯೇ ಹಾಕೋಣ” ಎಂದರು.

ಆ ಮಾತೂ ಒಂದು ಸಮರ್ಥನೆಯೇ ತಾನೇ ಎಂದು ಸಹೋದ್ಯೋಗಿಯೊಬ್ಬರು ನನ್ನಲ್ಲಿ ವಾದಿಸಿದರು. ಇರಬಹುದು. ಆದರೆ ಸಮರ್ಥನೆಯಲ್ಲಿ ಎರಡು ಜಾತಿ. ಒಂದು, ಸಂಗತಿಯನ್ನು ನೋಡಲೇ ಬಿಡದಂಥದ್ದು. ಇನ್ನೊಂದು, ಸಂಗತಿಯನ್ನು ನೋಡಿ ಒಪ್ಪಿದ ಮೇಲೆ ಮರ್ಯಾದೆಯಿಂದ ಹೊರಗೆ ಬರಲು ಹಿಡಿದುಕೊಳ್ಳುವಂಥದ್ದು. ಎರಡನೆಯದನ್ನು ಕಿತ್ತುಕೊಳ್ಳಲು ಹೋಗುವವರಿಗೆ ಬೇಕಾಗಿರುವುದು ಸುಧಾರಣೆಯಲ್ಲ, ಶರಣಾಗತಿ.

ಉಳಿತಾಯ ಎಂಬ ಆರೋಪ

ಎದ್ದುಹೋದ ಸದಸ್ಯೆಯ ಮನೆಗೆ ಕಾರ್ಯದರ್ಶಿ ಹೋದದ್ದು ಇದಾದ ಮೇಲೆ. ತಡವಾಗಿಯೇ. ಉಪ್ಪಿನ ಸಂಗತಿ ಹೇಳಿದರು, ಕೊಯ್ಲು ಹೇಗೆ ಆಯಿತು ಎಂದು ಕೇಳಿದರು. ಆಕೆ ಹೇಳಿದ್ದು ಇಷ್ಟು: “ಮರ ಹತ್ತುವವರು ಮೊದಲು ದಿನಗೂಲಿಗೆ ಬರುತ್ತಿದ್ದರು. ಎಣಿಕೆಯ ಮೇಲೆ ಕೂಲಿ ಕೊಟ್ಟರೆ ಖರ್ಚು ಕಡಿಮೆ ಎಂದು ಸಂಘದಲ್ಲಿಯೇ ಠರಾವು ಮಾಡಿದಿರಿ. ನೂರಕ್ಕೆ ಇಷ್ಟು ಎಂದರೆ ಯಾರು ತೊಟ್ಟು ನೋಡಿ ಕೊಯ್ಯುತ್ತಾರೆ? ಬಡಿದು ಕೆಡವುತ್ತಾರೆ. ಸಭೆಯಲ್ಲಿ ಕೇಳಿದ್ದರೆ ಅಲ್ಲಿಯೇ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ, ನೋಡಿದಿರಿ.”

ಠರಾವು ಪುಸ್ತಕದಲ್ಲಿ ಅದು ಇತ್ತು. ಎಲ್ಲರ ಸಹಿಯೂ ಇತ್ತು.

ಅಂಗಡಿಯವರು ಹೇಳಿದ ಮೂರು ಮಾತುಗಳಲ್ಲಿ ಅತ್ಯಂತ ನೋಯಿಸಿದ್ದು ಉಳಿತಾಯ ಎಂಬುದು. ಸಂಘ ತನ್ನೆಲ್ಲ ಬಲ ಹಾಕಿ ತಳ್ಳಿಹಾಕಿದ್ದೂ ಅದನ್ನೇ. ಉಪ್ಪಿನಲ್ಲಿ ಯಾರೂ ಉಳಿತಾಯ ಮಾಡಿರಲಿಲ್ಲ ಎಂಬುದು ಸತ್ಯ. ಆದರೆ ಕೊಯ್ಲಿನ ಕೂಲಿಯಲ್ಲಿ ಮಾಡಿದ್ದರು, ಅದನ್ನು ಒಳ್ಳೆಯ ಆಡಳಿತ ಎಂದು ಬರೆದಿಟ್ಟುಕೊಂಡೂ ಇದ್ದರು. ಅಂಗಡಿಯವರಿಗೆ ಇದು ಗೊತ್ತಿರಲು ಸಾಧ್ಯವಿಲ್ಲ. ಅವರು ಸಿಟ್ಟಿನಲ್ಲಿ ಎಸೆದ ಮಾತು ಗುರಿ ತಪ್ಪಿ ಸರಿಯಾದ ಕಡೆ ಬಿದ್ದಿತ್ತು, ಅಷ್ಟೇ. ಹೇಳಿದ ಧಾಟಿ ತಪ್ಪು, ಹೇಳಿದ ಜಾಗ ತಪ್ಪು, ಆರೋಪದ ಗುರಿ ತಪ್ಪು. ಇಷ್ಟೆಲ್ಲ ತಪ್ಪಿದ್ದ ಮಾತಿನೊಳಗೂ ಹುಡುಕಬೇಕಾದದ್ದು ಇತ್ತು. ಟೀಕೆ ಹೇಳುವವರು ಮೊದಲು ಸರಿಯಾಗಿ ಹೇಳಲು ಕಲಿಯಲಿ, ಆಮೇಲೆ ಕೇಳುತ್ತೇವೆ ಎಂದು ಕಾಯುವುದಾಗಿದ್ದರೆ ಠರಾವು ಪುಸ್ತಕವನ್ನು ಯಾರೂ ತೆರೆಯುತ್ತಿರಲಿಲ್ಲ.

ಅಂಗಡಿಯವರಿಗೆ ಉತ್ತರ

ಸಂಘದಿಂದ ಪತ್ರ ಹೋಯಿತು. ಮಿಡಿ ಮೆತ್ತಗಾದದ್ದು ನಿಜ, ಒಂದು ಭರಣಿಯದ್ದು. ಕಾರಣ ಎರಡು, ಹೀಗೆ ಹೀಗೆ. ಆ ಭರಣಿಯ ಬಾಟಲಿಗಳ ಹಣವನ್ನು ನಮಗೆ ಕೊಡಬೇಕಾದ ಬಾಕಿಯಲ್ಲಿ ಮುರಿದುಕೊಳ್ಳಿ. ಇಷ್ಟು ಬರೆದು, ಕೊನೆಗೆ ಎರಡು ಕೋರಿಕೆ: ಬಾಟಲಿಗಳನ್ನು ಬಿಸಿಲಿಗೆ ಇಡಬೇಡಿ, ಮುಂದೆ ದೂರು ಇದ್ದರೆ ಕಂಡದ್ದನ್ನು ಹೇಳಿ, ನಮ್ಮ ಶ್ರದ್ಧೆಯ ಬಗ್ಗೆ ತೀರ್ಪು ಕೊಡಬೇಡಿ.

ಪತ್ರ ತಲುಪಿದ ದಿನವೇ ಅಂಗಡಿಯವರ ಫೋನು ಬಂತು. ತಾವು ಬಾಟಲಿಗಳನ್ನು ಬಿಸಿಲಿಗೆ ಇಡುವುದೇ ಇಲ್ಲವೆಂದೂ, ಇಟ್ಟರೂ ಬೆಳಗಿನ ಹೊತ್ತು ಮಾತ್ರವೆಂದೂ, ಪಕ್ಕದ ಅಂಗಡಿಯವರು ಇನ್ನೂ ಹೆಚ್ಚು ಇಡುತ್ತಾರೆಂದೂ, ತಾವು ಹೇಳಿದ್ದು ಇವರ ಒಳ್ಳೆಯದಕ್ಕೇ ಎಂದೂ ಬಹಳ ಹೊತ್ತು ಮಾತನಾಡಿದರು. ಫೋನು ಇಟ್ಟ ಮೇಲೆ ಕಾರ್ಯದರ್ಶಿಗೆ ನಗು ತಡೆಯಲಾಗಲಿಲ್ಲವಂತೆ. ಸಂಘದವರು ಮೊದಲ ಸಭೆಯಲ್ಲಿ ಆಡಿದ್ದನ್ನೇ ಅವರು ಬೇರೆ ಶಬ್ದಗಳಲ್ಲಿ ಆಡಿದ್ದರು. ಒಳ್ಳೆಯದಕ್ಕೇ ಹೇಳಿದೆ ಎಂಬುದು ಹೇಳುವವರ ಮನಸ್ಸಿನ ವರದಿ. ಕೇಳುವವರಿಗೆ ಅದರಿಂದ ಮಾಡಲು ಏನೂ ಸಿಗುವುದಿಲ್ಲ.

ಕಾರ್ಯದರ್ಶಿ ಅವರೊಂದಿಗೂ ವಾದಕ್ಕೆ ಇಳಿಯಲಿಲ್ಲ. ಮುಂದಿನ ಸರಕಿನ ಜೊತೆ ಒಂದು ಸಣ್ಣ ನೋಟ್ ಪುಸ್ತಕ ಕಳಿಸಿದರು. ಅದರಲ್ಲಿ ನಾಲ್ಕು ಅಂಕಣ: ಭರಣಿಯ ನಂಬರು, ಬಾಟಲಿ ತೆರೆದ ದಿನ, ಗಿರಾಕಿ ಹೇಳಿದ್ದು, ನಿಮ್ಮ ಊಹೆ. ಊಹೆಗೂ ಒಂದು ಅಂಕಣ ಕೊಟ್ಟದ್ದು ಜಾಣತನ. ಜನರಿಗೆ ಊಹಿಸದೆ ಇರಲಾಗುವುದಿಲ್ಲ. ಬೇಡ ಎಂದರೆ ಅದನ್ನು ಕಂಡದ್ದರೊಳಗೇ ಬೆರೆಸುತ್ತಾರೆ.

ಈಗಿನ ಸ್ಥಿತಿ

ಮುಂದಿನ ಕೊಯ್ಲಿಗೆ ಸಂಘ ಎಣಿಕೆಯ ಕೂಲಿ ಬಿಟ್ಟು ದಿನಗೂಲಿಗೆ ಮರಳಿತು. ಮಿಡಿಯೊಂದರ ಖರ್ಚು ಏರಿತು, ಬಾಟಲಿಯ ದರವನ್ನೂ ಏರಿಸಬೇಕಾಯಿತು. ಅಂಗಡಿಯವರು ಗೊಣಗಿ ಒಪ್ಪಿದರು. ಉಪ್ಪನ್ನು ತೂಗಿ ಹಾಕುತ್ತಾರೆ, ತೂಗುವವರು ದೊಡ್ಡಮ್ಮನೇ. ಭರಣಿ ಕಟ್ಟುವ ಮೊದಲು ನಂಬರು ಹಾಕಿ ರುಚಿ ನೋಡುವ ಸುತ್ತು ಪ್ರತಿ ಬಾರಿ ನಡೆಯುತ್ತದೆ. ಈಗ ಅದಕ್ಕೆ ಇನ್ನೊಂದು ನಿಯಮ ಸೇರಿದೆ: ಕಾರಣದ ಮಾತು ಬಂದಾಗ, ಆ ಕೆಲಸ ಮಾಡಿದವರು ಮೊದಲು ಹೇಳಬೇಕು, ಬೇರೆಯವರು ಆಮೇಲೆ. ಮಿಡಿಯ ಬಗ್ಗೆ ಸಂಶಯ ಬಂದರೆ ಕೊಯ್ಲು ಮಾಡಿಸಿದವರ ಮಾತು ಮೊದಲು. ಉಪ್ಪಿನ ಬಗ್ಗೆ ಬಂದರೆ ದೊಡ್ಡಮ್ಮನದು.

ಆ ನಿಯಮ ಯಾರ ಕಾರಣದಿಂದ ಹುಟ್ಟಿತೋ ಆ ಸದಸ್ಯೆ ಹಪ್ಪಳದ ಕೆಲಸಕ್ಕೆ ಬರುತ್ತಾರೆ, ಉಪ್ಪಿನಕಾಯಿಗೆ ಬರುವುದಿಲ್ಲ. ಠರಾವಿನ ಹೊಣೆ ಎಲ್ಲರದ್ದೂ ಎಂದು ಸಂಘ ಅವರ ಮುಂದೆ ಹೇಳಿದೆ, ಪುಸ್ತಕದಲ್ಲಿ ಬರೆದೂ ಇದೆ. ಅವರ ಮನೆಯವರು ಮಿಡಿ ತರಿಸಿಕೊಡಲು ಒಪ್ಪಿಲ್ಲ. ಈ ಬರಹದ ಕರಡನ್ನು ತೋರಿಸಿದಾಗ ಆಕೆ ಒಂದು ತಿದ್ದುಪಡಿ ಹೇಳಿದರು. ದನ ಕಟ್ಟಲು ಎಂದು ನಾನು ಎದ್ದದ್ದು ನೆಪವಲ್ಲ, ಕಟ್ಟುವ ಹೊತ್ತೇ ಆಗಿತ್ತು, ಅದನ್ನೂ ಸೇರಿಸಿ ಎಂದರು. ಸೇರಿಸಿದ್ದೇನೆ.